ಭೂಪಟದಲ್ಲಿಲ್ಲದ ಪೆಸಿಫಿಕ್ ಸಾಮ್ರಾಜ್ಯ

ಇತಿಹಾಸ ಅಂದ ಕೂಡಲೇ ಶಾಸನ, ತಾಳೆಗರಿ, ಕೋಟೆ ಕೊತ್ತಲ ನೆನಪಾಗುತ್ತವೆ. ನಾನಿವತ್ತು ಹೇಳಹೊರಟಿರುವ ಸಾಮ್ರಾಜ್ಯಕ್ಕೆ ಇದ್ಯಾವುದೂ ಇಲ್ಲ. ನೆಲವಿಲ್ಲ, ನೀರಿಲ್ಲ, ಹೆಸರಿನಲ್ಲಿ ಮಾತ್ರ ಒಂದು ಸಾಗರವಿದೆ. ಆದರೂ ಅಲ್ಲಿ ಚಕ್ರವರ್ತಿಗಳಿದ್ದರು, ಗಡೀಪಾರಾದವರಿದ್ದರು, ಗೂಢಚಾರರಿದ್ದರು, ಸೋತು ಕಪ್ಪ ಕಟ್ಟಿದವರಿದ್ದರು, ಇದಕ್ಕೆಲ್ಲಾ ಸಿದ್ಧಾಂತ ಬರೆದುಕೊಟ್ಟ ಪಂಡಿತರೂ ಇದ್ದರು. ಆ ರಾಜ್ಯದ ಹೆಸರು ನ್ಯೂ ಪೆಸಿಫಿಕ್ ಆರ್ಡರ್. ಹುಟ್ಟಿದ್ದು 2003ರ ಆಗಸ್ಟ್ 31ರಂದು, ಒಂದು ಇಂಟರ್ನೆಟ್ ಆಟದೊಳಗೆ.

"ಅಯ್ಯೋ, ಗೇಮಾ?" ಅಂತ ಮೂಗು ಮುರಿಯಬೇಡಿ ಸ್ವಾಮಿ. ಬಂದೂಕು ಹಿಡಿದು ಢಂ ಢಂ ಅನ್ನಿಸುವ ಆಟ ಅಲ್ಲ ಇದು. ಚಿತ್ರಗಳೇ ಹೆಚ್ಚಿಲ್ಲ. ಬರೀ ಅಕ್ಷರ. ನಮ್ಮ ನಿಮ್ಮಂಥವರಿಗೆ ಹೇಳಿಮಾಡಿಸಿದ್ದು :)

ಆಟದ ಹೆಸರು ನೇಷನ್‌ಸ್ಟೇಟ್ಸ್. ಇದನ್ನು ಮಾಡಿದವನು ಮ್ಯಾಕ್ಸ್ ಬ್ಯಾರಿ ಎಂಬ ಆಸ್ಟ್ರೇಲಿಯಾದ ಕಾದಂಬರಿಕಾರ. ಒಂದು ಕಾಲಕ್ಕೆ ಎಚ್‌ಪಿ ಕಂಪನಿಯಲ್ಲಿ ಕಂಪ್ಯೂಟರ್ ಮಾರಾಟ ಮಾಡುತ್ತಿದ್ದವನು, ಕದ್ದುಮುಚ್ಚಿ ಕಾದಂಬರಿ ಬರೆಯುತ್ತಿದ್ದನಂತೆ. ಅವನ 'ಜೆನ್ನಿಫರ್ ಗವರ್ನಮೆಂಟ್' ಎಂಬ ಕಾದಂಬರಿ 2003ರ ಜನವರಿಯಲ್ಲಿ ಬರುವುದಿತ್ತು. ಅದರಲ್ಲಿ ಸರ್ಕಾರವೇ ಖಾಸಗಿ, ಜಗತ್ತನ್ನು ಆಳುವುದು ಕಂಪನಿಗಳು, ಯಾರು ಯಾವ ಕಂಪನಿಯಲ್ಲಿ ಕೆಲಸ ಮಾಡುತ್ತಾರೋ ಅದೇ ಅವರ ಮನೆತನದ ಹೆಸರು. (ನಮ್ಮ ಕಡೆ ಇದು ಜಾರಿಗೆ ಬಂದರೆ ಎರಡು ವರ್ಷಕ್ಕೊಮ್ಮೆ ಮನೆದೇವರನ್ನೂ ಬದಲಾಯಿಸಬೇಕಾದೀತು.) ಪುಸ್ತಕಕ್ಕೆ ಪ್ರಚಾರ ಬೇಕಲ್ಲ? ಅದಕ್ಕೆಂದು ಪರ್ಲ್‌ನಲ್ಲಿ ಕೂತು ಒಂದು ವೆಬ್‌ಸೈಟ್ ಬರೆದ. 2002ರ ನವೆಂಬರ್ 13ರಂದು ಅದು ತೆರೆದುಕೊಂಡಿತು. ಪುಸ್ತಕದ ಪ್ರಚಾರ ಎಷ್ಟಾಯಿತೋ ಏನೋ, ಇಪ್ಪತ್ತು ವರ್ಷ ದಾಟಿದ ಮೇಲೂ ಸೈಟು ಬದುಕಿ ಉಳಿಯಿತು. ಪ್ರಚಾರದ ಕರಪತ್ರವೇ ಊರಾದ ಉದಾಹರಣೆ ಬೇರೆಲ್ಲೂ ನಾನು ಕಂಡಿಲ್ಲ.

ಆಡುವುದು ಸುಲಭ. ಒಂದು ದೇಶ ಮಾಡಿಕೊಳ್ಳಬೇಕು. ಹೆಸರು, ಧ್ಯೇಯವಾಕ್ಯ, ನಾಣ್ಯ, ರಾಷ್ಟ್ರೀಯ ಪ್ರಾಣಿ ಎಲ್ಲಾ ನಿಮ್ಮಿಷ್ಟ. ನನ್ನ ದೇಶದ ಪ್ರಾಣಿ ಎಮ್ಮೆ, ನಾಣ್ಯ ದುಗ್ಗಾಣಿ. ದಿನಾ ಒಂದಷ್ಟು ಸಮಸ್ಯೆಗಳು ಮೇಜಿನ ಮೇಲೆ ಬರುತ್ತವೆ. ಮತದಾನ ಕಡ್ಡಾಯ ಮಾಡಬೇಕೋ, ಪತ್ರಿಕೆಗಳ ಬಾಯಿ ಮುಚ್ಚಿಸಬೇಕೋ, ಹೀಗೆ. ಮೂರ್ನಾಲ್ಕು ಸಲಹೆಗಾರರು ಮಾತಾಡುತ್ತಾರೆ, ಎಲ್ಲರೂ ಒಂದೊಂದು ಥರ ತಲೆಕೆಟ್ಟವರು. ಯಾರ ಮಾತು ಕೇಳಿದರೂ ಒಂದು ಕಡೆ ಒಳ್ಳೆಯದು, ಇನ್ನೊಂದು ಕಡೆ ಎಡವಟ್ಟು. ಕೊನೆಗೆ ನಿಮ್ಮ ದೇಶ 'ಎಡಪಂಥೀಯ ಸ್ವರ್ಗ'ವೋ, 'ಹುಚ್ಚು ಸರ್ವಾಧಿಕಾರ'ವೋ, 'ಕಾರ್ಪೊರೇಟ್ ಪೊಲೀಸ್ ರಾಜ್ಯ'ವೋ ಅಂತ ಆಟ ಹಣೆಪಟ್ಟಿ ಹಚ್ಚುತ್ತದೆ. ಗೆಲುವು ಸೋಲು ಎರಡೂ ಇಲ್ಲ. ಒಬ್ಬರ ದೇಶ ಇನ್ನೊಬ್ಬರ ದೇಶವನ್ನು ಮುಟ್ಟುವಂತಿಲ್ಲ. ಯುದ್ಧ ಎಂಬುದೇ ಬ್ಯಾರಿಯ ಕೋಡ್‌ನಲ್ಲಿ ಇಲ್ಲ.

ಹಾಗಾದರೆ ಸಾಮ್ರಾಜ್ಯ ಎಲ್ಲಿಂದ ಬಂತು? ನನಗೆ ಈ ಕಥೆಯಲ್ಲಿ ಅತ್ಯಂತ ಕುತೂಹಲದ ಭಾಗ ಇದೇ. ಹೆಚ್ಚೇನೂ ಯೋಚಿಸದೆ ಇಟ್ಟಂತೆ ಕಾಣುವ ಒಂದು ನಿಯಮದಿಂದ ಬಂತು.

ದೇಶಗಳೆಲ್ಲಾ 'ರೀಜನ್' ಎಂಬ ಪ್ರಾಂತ್ಯಗಳಲ್ಲಿ ಇರುತ್ತವೆ. ಒಂದು ಪ್ರಾಂತ್ಯದಲ್ಲಿ ಎರಡು ದೇಶ ಇರಬಹುದು, ಸಾವಿರಾರೂ ಇರಬಹುದು. ಆಟದೊಳಗೆ ಒಂದು ವಿಶ್ವಸಂಸ್ಥೆ ಇತ್ತು. ಅದರ ಸದಸ್ಯರು ತಮ್ಮದೇ ಪ್ರಾಂತ್ಯದ ಇನ್ನೊಬ್ಬ ಸದಸ್ಯರಿಗೆ ಬೆಂಬಲದ ಮುದ್ರೆ ಒತ್ತಬಹುದು, ಅದಕ್ಕೆ ಎಂಡಾರ್ಸ್‌ಮೆಂಟ್ ಅಂತ ಹೆಸರು. ಯಾರಿಗೆ ಹೆಚ್ಚು ಬೆಂಬಲವೋ ಅವರು ಪ್ರಾಂತ್ಯದ ಡೆಲಿಗೇಟ್. ಡೆಲಿಗೇಟ್ ಕೈಯಲ್ಲಿ ಒಂದು ಗುಂಡಿ ಇರುತ್ತದೆ, ಬೇಡದವರನ್ನು ಪ್ರಾಂತ್ಯದಿಂದ ಹೊರಹಾಕಿ, ಮತ್ತೆ ಒಳಗೆ ಬಾರದಂತೆ ಬಾಗಿಲು ಹಾಕುವ ಗುಂಡಿ. ಅಷ್ಟೇ ನೋಡಿ. ಬಾಕಿ ರಾಜಕೀಯವೆಲ್ಲಾ ಈ ಒಂದು ಗುಂಡಿಯ ಸುತ್ತ ಬೆಳೆದ ಹುತ್ತ.

ಒಬ್ಬನಿಗೆ ಎಷ್ಟು ದೇಶ ಬೇಕಾದರೂ ಇರಬಹುದು, ಆದರೆ ವಿಶ್ವಸಂಸ್ಥೆಯಲ್ಲಿ ಒಂದೇ ಒಂದು. ಕಳ್ಳ ಸದಸ್ಯತ್ವ ಸಿಕ್ಕಿಬಿದ್ದರೆ ಆಟದ ಮೇಲ್ವಿಚಾರಕರು ಹೊರದಬ್ಬುತ್ತಾರೆ. ಹಾಗಾಗಿ ಇಲ್ಲಿ ಬೆಂಬಲ ಎಂದರೆ ಒಬ್ಬ ನಿಜವಾದ ಮನುಷ್ಯ. ಆ ಒಂದು ಎಣಿಕೆ ಮಾತ್ರ ಕಾಲ್ಪನಿಕ ಅಲ್ಲ. ಬೆಂಬಲ ಗಳಿಸುವ ದಾರಿಯೂ ನಮಗೆ ಹೊಸದೇನಲ್ಲ. ಪ್ರಾಂತ್ಯದ ಸದಸ್ಯರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಮುದ್ರೆ ಒತ್ತುತ್ತಾ ಹೋಗುವುದು, ಅವರು ತಿರುಗಿ ಒತ್ತುತ್ತಾರೆ ಎಂಬ ಭರವಸೆಯಲ್ಲಿ. ಅಪ್ಪಟ ಮದುವೆಮನೆ ಮುಯ್ಯಿ ಲೆಕ್ಕ! ನಮ್ಮ ಬ್ಲಾಗುಗಳಲ್ಲಿ ಕಾಮೆಂಟು ಹಾಕಿ ಕಾಮೆಂಟು ನಿರೀಕ್ಷಿಸುವುದೂ ಇದೇ ತಾನೇ...

ಸಾಮಾನ್ಯ ಪ್ರಾಂತ್ಯಗಳನ್ನು ಯಾರೋ ಒಬ್ಬ ಆಟಗಾರ ಸ್ಥಾಪಿಸಿರುತ್ತಾನೆ. ಅಂಥ ಸ್ಥಾಪಕನಿಗೆ ಡೆಲಿಗೇಟ್‌ಗಿಂತ ಮೇಲಿನ ಅಧಿಕಾರ. ಆದರೆ ಹೊಸದಾಗಿ ಹುಟ್ಟುವ ದೇಶಗಳು ಎಲ್ಲೋ ಒಂದು ಕಡೆ ಹುಟ್ಟಬೇಕಲ್ಲ? ಅದಕ್ಕೆ ಆಟವೇ ಐದು ಪ್ರಾಂತ್ಯ ಮಾಡಿಟ್ಟಿತ್ತು: ದಿ ಪೆಸಿಫಿಕ್, ಮತ್ತೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಪೆಸಿಫಿಕ್‌ಗಳು. ಹುಟ್ಟಿದ ದೇಶಗಳನ್ನು ಉಳಿದ ಜಗತ್ತಿಗೆ ಉಣಿಸುವುದರಿಂದ ಇವಕ್ಕೆ 'ಫೀಡರ್'ಗಳು ಅಂತ ಹೆಸರು ಬಿತ್ತು. ಇವಕ್ಕೆ ಸ್ಥಾಪಕರಿಲ್ಲ. ಯಾರು ಡೆಲಿಗೇಟ್ ಆದರೋ ಅವರ ಮೇಲೆ ಇನ್ಯಾರೂ ಇಲ್ಲ. ಜನಸಂಖ್ಯೆ ಬೇರೆ ದಿನಾ ತಾನಾಗೇ ತುಂಬಿಕೊಳ್ಳುತ್ತದೆ.

ಈ ಬಾಗಿಲು ತೆರೆದಿದೆ ಅಂತ ಸರಿಯಾಗಿ ಕಂಡುಕೊಂಡವನು ಫ್ರಾಂಕೋಸ್ ಸ್ಪೇನ್ ಎಂಬ ದೇಶವನ್ನು ಆಡುತ್ತಿದ್ದ ಆಟಗಾರ. 2003ರ ಆಗಸ್ಟ್ 31ರಂದು ಆತ ದಿ ಪೆಸಿಫಿಕ್‌ನ ಡೆಲಿಗೇಟ್ ಆದ. ಆದವನು ಸುಮ್ಮನೆ ಕೂರಲಿಲ್ಲ. ಎದುರಾಳಿಗಳನ್ನು, ಎದುರಾಳಿಗಳಾಗಬಹುದಾದವರನ್ನು, ಹೆಚ್ಚು ಬೆಂಬಲ ಇಟ್ಟುಕೊಂಡವರನ್ನು ಒಬ್ಬೊಬ್ಬರಾಗಿ ಹೊರಹಾಕತೊಡಗಿದ. ಆಗ ಆ ಗುಂಡಿಗೆ ಮಿತಿಯೇ ಇರಲಿಲ್ಲ, ಒತ್ತಿದಷ್ಟೂ ಕೆಲಸ ಮಾಡುತ್ತಿತ್ತು. ಹೊರಬಿದ್ದವರು ಹೋಗಿ ಬೀಳುತ್ತಿದ್ದದ್ದು 'ದಿ ರಿಜೆಕ್ಟೆಡ್ ರೆಲ್ಮ್ಸ್' ಎಂಬ ಪ್ರಾಂತ್ಯಕ್ಕೆ. ಆಟದಲ್ಲಿ ಯಾರನ್ನೂ ಹೊರಹಾಕಲು ಆಗದ ಪ್ರಾಂತ್ಯ ಅದು. ಹೊರಹಾಕಿದವರನ್ನು ಮತ್ತೆ ಎಲ್ಲಿಗೆ ಹಾಕುವುದು, ಅಲ್ಲವೇ? ತಿರಸ್ಕೃತರ ಆ ಕೇರಿ ಮುಂದೆ ಸರ್ವಾಧಿಕಾರಿಗಳ ವಿರೋಧಿಗಳಿಗೆ ಒಂದು ನೆಲೆಯಾಯಿತು. ಬ್ಯಾರಿ ಬರೆದ ಒಂದು ಎಕ್ಸೆಪ್ಷನ್ ಹ್ಯಾಂಡ್ಲರ್ ತಾನಾಗೇ ಊರಾಗಿ ನಿಂತ ಹಾಗೆ.

ಹೊರಗಿನವರು ಬರೆದ ಚರಿತ್ರೆಗಳಲ್ಲಿ ಇದಕ್ಕೆ 'ಕ್ಷಿಪ್ರಕ್ರಾಂತಿ' ಅಥವಾ ದರೋಡೆ ಅಂತ ಹೆಸರು. ಪೆಸಿಫಿಕ್‌ನವರು ಬರೆದ ಚರಿತ್ರೆಯಲ್ಲಿ ಇದು 'ಕ್ರಾಂತಿ'. ದಿನಾಂಕ ಮಾತ್ರ ಎರಡರಲ್ಲೂ ಒಂದೇ.

ಫ್ರಾಂಕೋಸ್ ಸ್ಪೇನ್ ಬರೀ ಗುಂಡಿ ಒತ್ತಿದ್ದರೆ ಅವನ ಹೆಸರು ಇವತ್ತು ಯಾರಿಗೂ ನೆನಪಿರುತ್ತಿರಲಿಲ್ಲ. ಗುಂಡಿ ಒತ್ತುವುದಕ್ಕೆ ಒಂದು ಕಾರಣ ಬರೆದಿಟ್ಟ. ಹೆಸರಿನಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ, ಬರೆದದ್ದರಲ್ಲಿ ಮಾರ್ಕ್ಸ್ ವಾಸನೆ! ಸಾರಾಂಶ ಹೀಗೆ: ಆಟದ ದೇಶಗಳೆಲ್ಲಾ ಹುಟ್ಟುವುದು ಫೀಡರ್‌ಗಳಲ್ಲಿ. ಹುಟ್ಟಿದ ಕೂಡಲೇ ಹೊರಗಿನ ಪ್ರಾಂತ್ಯಗಳವರು ಟೆಲಿಗ್ರಾಂ ಮೇಲೆ ಟೆಲಿಗ್ರಾಂ ಕಳಿಸಿ ಅವನ್ನು ಸೆಳೆದುಕೊಂಡು ಹೋಗುತ್ತಾರೆ. ಅಂದರೆ ಫೀಡರ್ ದುಡಿಯುತ್ತದೆ, ಬೇರೆಯವರು ಉಣ್ಣುತ್ತಾರೆ. ಫೀಡರ್‌ನವರು ಶೋಷಿತ ವರ್ಗ, ಆಟಗಾರರು ಕಟ್ಟಿಕೊಂಡ ಪ್ರಾಂತ್ಯಗಳವರು ಶೋಷಕ ವರ್ಗ. ಶೋಷಕರ ಕೈವಾಡದಿಂದ ಫೀಡರನ್ನು ಕಾಪಾಡಬೇಕಾದರೆ ಒಂದು ಬಲವಾದ ಕೇಂದ್ರ ಬೇಕು, ಒಬ್ಬ ಚಕ್ರವರ್ತಿ ಬೇಕು. ಇದಕ್ಕೆ ಫ್ರಾಂಕೋಯಿಸಂ ಅಂತ ಹೆಸರಾಯಿತು. ವ್ಲಾದಿಮೀರ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಇನ್ನೊಬ್ಬ ಇದನ್ನು ಮುಂದಕ್ಕೆ ಬೆಳೆಸಿ ಉದ್ದುದ್ದ ಪ್ರಬಂಧಗಳನ್ನೇ ಬರೆದ.

ಮೊದಲ ಸಲ ಓದಿದಾಗ ನಗು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಕ್ಷಣ ಆಟದ ಒಳಗೆ ನಿಂತು ನೋಡಿ. ಟೆಲಿಗ್ರಾಂ ವಿಷಯ ಖಂಡಿತಾ ನಿಜ. ನನ್ನ ಎಮ್ಮೆ ದೇಶ ಹುಟ್ಟಿ ಹತ್ತು ನಿಮಿಷ ಆಗಿರಲಿಲ್ಲ, 'ನಮ್ಮ ಪ್ರಾಂತ್ಯಕ್ಕೆ ಬನ್ನಿ, ನಮ್ಮಲ್ಲಿ ಮಂತ್ರಿ ಪದವಿ ಖಾಲಿ ಇದೆ' ಅಂತ ಸಾಲುಸಾಲು ಓಲೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಆಟೋದವರು ಮುತ್ತಿಕೊಂಡ ಹಾಗೆ. ಆ ಆಟದ ಏಕೈಕ ಸಂಪತ್ತು ಮನುಷ್ಯರು. ಅದು ಹುಟ್ಟುವ ಜಾಗ ಯಾವುದು, ಅಲ್ಲಿಂದ ಹೊತ್ತೊಯ್ಯುವವರು ಯಾರು ಎಂದು ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರ ಮಾತ್ರ 'ಆದ್ದರಿಂದ ನಾನೇ ರಾಜ' ಅಂತ ಬಂತು. ನಿಜವಾದ ಇತಿಹಾಸದಲ್ಲೂ ಹೀಗೆ ಬಂದಿರುವ ಉತ್ತರಗಳು ಕಡಿಮೆಯೇನಿಲ್ಲ.

ಫೀಡರ್‌ಗಳಲ್ಲಿ ಬೆಳೆದ ಇನ್ನೊಂದು ಕಾನೂನು ಬೆಂಬಲದ ಮಿತಿ. ಸಾಮಾನ್ಯ ಪ್ರಜೆ ಇಂತಿಷ್ಟಕ್ಕಿಂತ ಹೆಚ್ಚು ಎಂಡಾರ್ಸ್‌ಮೆಂಟ್ ಇಟ್ಟುಕೊಳ್ಳುವಂತಿಲ್ಲ. ದಾಟಿದರೆ ಮೊದಲು ಎಚ್ಚರಿಕೆಯ ಓಲೆ, ಆಮೇಲೆ ಗಡೀಪಾರು. ಅಂದರೆ ಜನಪ್ರಿಯ ಆಗುವುದೇ ಅಪರಾಧ! ಕ್ರೌರ್ಯ ಅನ್ನಿಸುತ್ತದೆ. ಆದರೆ ಕೋಡ್ ನೋಡಿದರೆ ಬೇರೆ ದಾರಿ ಕಾಣುವುದಿಲ್ಲ. ಇಲ್ಲಿ ಚುನಾವಣೆಯ ದಿನ ಅಂತ ಒಂದಿಲ್ಲ. ಸರ್ವರ್ ನಿಗದಿತ ಹೊತ್ತಿಗೆ ಅಪ್‌ಡೇಟ್ ಆಗುವಾಗ ಯಾರ ಬಳಿ ಒಂದು ಬೆಂಬಲ ಹೆಚ್ಚಿದೆಯೋ ಅವರೇ ಡೆಲಿಗೇಟ್, ಗುಂಡಿ ಅವರ ಕೈಗೆ. ಇದನ್ನೇ ನಂಬಿಕೊಂಡು ದಾಳಿಕೋರರ ದಂಡುಗಳೇ ಹುಟ್ಟಿಕೊಂಡವು. ಅಪ್‌ಡೇಟ್‌ಗೆ ಕೆಲವೇ ಸೆಕೆಂಡ್ ಮೊದಲು ಒಟ್ಟಾಗಿ ಒಂದು ಪ್ರಾಂತ್ಯಕ್ಕೆ ನುಗ್ಗಿ, ತಮ್ಮವನೊಬ್ಬನಿಗೆ ಮುದ್ರೆ ಒತ್ತಿ, ಗದ್ದುಗೆ ಹಿಡಿಯುವವರು. ಅವರನ್ನು ತಡೆಯಲು ರಕ್ಷಕರ ದಂಡು. ಈಗ ದಿನಕ್ಕೆ ಎರಡು ಅಪ್‌ಡೇಟ್. ದೊಡ್ಡದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಒಂಬತ್ತೂವರೆಗೋ ಹತ್ತೂವರೆಗೋ ಶುರುವಾಗುತ್ತದೆ, ಅಮೆರಿಕದವರು ಗಡಿಯಾರ ತಿರುಗಿಸಿಕೊಂಡದ್ದರ ಮೇಲೆ. ಬೆಂಗಳೂರಿನವರಿಗೆ ಸರಿಯಾಗಿ ಸ್ಟ್ಯಾಂಡಪ್ ಮೀಟಿಂಗಿನ ಹೊತ್ತು, ದಾಳಿ ಮಾಡುವುದು ಕಷ್ಟ :)

ಅಂದ ಹಾಗೆ ನಿಜವಾದ ವಿಶ್ವಸಂಸ್ಥೆಗೂ ಈ ಆಟಕ್ಕೂ ಒಂದು ಸಲ ಜಟಾಪಟಿ ಆಯಿತು. 2008ರ ಜನವರಿಯಲ್ಲಿ ವಿಶ್ವಸಂಸ್ಥೆಯಿಂದ ಬ್ಯಾರಿಗೆ ಪತ್ರ ಬಂತು, ನಮ್ಮ ಹೆಸರು ಮತ್ತು ಲಾಂಛನ ಬಳಸುವುದನ್ನು ನಿಲ್ಲಿಸಿ ಅಂತ. ಅದೇ ವರ್ಷ ಏಪ್ರಿಲ್ 1ರಂದು ಆಟದ ವಿಶ್ವಸಂಸ್ಥೆ ಮಾಯವಾಗಿ 'ವರ್ಲ್ಡ್ ಅಸೆಂಬ್ಲಿ' ಬಂದು ಕೂತಿತು. ಏಪ್ರಿಲ್ ಫೂಲ್ ಅಂತ ತಿಳಿದವರಿಗೆ ಮರುದಿನವೂ ಅದೇ ಕಂಡಾಗ ಅರ್ಥವಾದದ್ದು. ಐದು ವರ್ಷ ಕೂತು ಕರಡು ತಿದ್ದಿ, ಮತ ಬೇಡಿ ಪಾಸು ಮಾಡಿಸಿದ ನಿರ್ಣಯಗಳೆಲ್ಲಾ ಒಂದೇ ಏಟಿಗೆ ಹಳೆಯ ಕಡತ ಸೇರಿದವು. ಹೊಸ ಸಭೆಯ ನಿರ್ಣಯಗಳ ಎಣಿಕೆ ಮತ್ತೆ ಒಂದರಿಂದ.

ಪೆಸಿಫಿಕ್‌ಗೆ ಮರಳೋಣ. ಆ ಕಾಲದಲ್ಲಿ ದಾಳಿ ಹೊರಹಾಕುವಿಕೆಗಳಲ್ಲಿ ನ್ಯಾಯ ಹೇಳುತ್ತಿದ್ದವರು ಆಟದ ಮೇಲ್ವಿಚಾರಕರು, ಅಂದರೆ ಸಂಬಳವಿಲ್ಲದ ಸ್ವಯಂಸೇವಕರು. ಯಾರು ಮೂಲನಿವಾಸಿ, ಯಾರು ಆಕ್ರಮಣಕಾರ, ಆಕ್ರಮಣಕಾರ ಎಷ್ಟು ಜನರನ್ನು ಹೊರಹಾಕಬಹುದು, ಎಲ್ಲವನ್ನೂ ಅವರು ತೀರ್ಮಾನಿಸಬೇಕು. ಊಹಿಸಿಕೊಳ್ಳಿ, ಮೂಲನಿವಾಸಿ ಯಾರು ಎಂಬ ಪ್ರಶ್ನೆ! ನಿಜವಾದ ದೇಶಗಳೇ ಬಗೆಹರಿಸಲಾಗದೆ ಹೊಡೆದಾಡುತ್ತಿವೆ. 2006ರಲ್ಲಿ ಬ್ಯಾರಿ ಈ ತಲೆನೋವನ್ನು ಕೋಡ್ ಒಳಗೇ ತಂದ. 'ಇನ್‌ಫ್ಲುಯೆನ್ಸ್' ಎಂಬ ಒಂದು ಅಂಕಿ. ಒಂದು ಪ್ರಾಂತ್ಯದಲ್ಲಿ ಹೆಚ್ಚು ದಿನ ಇದ್ದಷ್ಟೂ, ಹೆಚ್ಚು ಬೆಂಬಲ ಇದ್ದಷ್ಟೂ ಅದು ಬೆಳೆಯುತ್ತದೆ. ಯಾರನ್ನಾದರೂ ಹೊರಹಾಕಬೇಕಾದರೆ ಡೆಲಿಗೇಟ್ ತನ್ನ ಇನ್‌ಫ್ಲುಯೆನ್ಸ್ ಖರ್ಚು ಮಾಡಬೇಕು, ಹಳಬರನ್ನು ಹೊರಹಾಕಲು ದುಬಾರಿ, ಹೊಸಬರು ಅಗ್ಗ.

ಕೇಳಲು ಎಷ್ಟು ಅಚ್ಚುಕಟ್ಟು ಅಲ್ವಾ? ವಕೀಲರು ಬೇಡ, ವಾದ ಬೇಡ, ಒಂದು ಕಾಲಂ ಸಾಕು. ನನ್ನಂಥವರಿಗೆ ಇಂಥ ಪರಿಹಾರ ಕಂಡರೆ ಬಾಯಲ್ಲಿ ನೀರೂರುತ್ತದೆ. ಆದರೆ ಪರಿಣಾಮ ನೋಡಿ. ದಾಳಿಕೋರರ ಕೈ ಕಟ್ಟಿತು ನಿಜ, ಅದರ ಜೊತೆಗೆ ಗದ್ದುಗೆ ಮೇಲೆ ವರ್ಷಗಟ್ಟಲೆ ಕೂತ ಹಳೆಯ ಡೆಲಿಗೇಟ್ ಹತ್ತಿರ ಗುಡ್ಡದಷ್ಟು ಇನ್‌ಫ್ಲುಯೆನ್ಸ್ ಕೂಡಿಬಿತ್ತು. ಪ್ರತಿ ಅಪ್‌ಡೇಟ್‌ಗೂ ಅದಕ್ಕೆ ಬಡ್ಡಿ. ಹೊಸ ಪ್ರಜೆಗಳನ್ನು ಚಿಲ್ಲರೆ ಕಾಸಿಗೆ ಹೊರಹಾಕಬಹುದು. ಸರ್ವಾಧಿಕಾರಿಯ ಕೈ ಕಟ್ಟಲು ತಂದ ನಿಯಮ ಆಗಲೇ ಕೂತಿದ್ದ ಸರ್ವಾಧಿಕಾರಿಗೆ ಕೋಟೆಗೋಡೆಯಾಯಿತು. ಮೂಲನಿವಾಸಿ ಯಾರು ಎಂಬ ಪ್ರಶ್ನೆಗೆ ಕೋಡ್ ಕೊಟ್ಟ ಉತ್ತರ, 'ಯಾರು ಗೆದ್ದು ತುಂಬಾ ದಿನ ಆಯಿತೋ ಅವರು'.

ಇನ್ನು ಎರಡನೇ ಕಾಂಡ. 2006ರ ಜನವರಿಯಲ್ಲಿ ಸೈಬರ್ ನೇಷನ್ಸ್ ಎಂಬ ಇನ್ನೊಂದು ಆಟ ಶುರುವಾಯಿತು. ಇದರಲ್ಲಿ ನಿಜವಾಗಿಯೂ ಯುದ್ಧ ಮಾಡಬಹುದು. ಸೈನಿಕರು, ಟ್ಯಾಂಕುಗಳು, ಕ್ಷಿಪಣಿ, ವಿಮಾನ, ಕೊನೆಗೆ ಅಣುಬಾಂಬ್. ದೇಶದ ಬಲ ಅಳೆಯುವುದು ಮುಖ್ಯವಾಗಿ ಮೂಲಸೌಕರ್ಯದಿಂದ, ಆಡುವವರ ಬಾಯಲ್ಲಿ 'ಇನ್‌ಫ್ರಾ'. ದಿನಾ ತೆರಿಗೆ ಎತ್ತಿ, ಬಿಲ್ಲು ಕಟ್ಟಿ, ಉಳಿದದ್ದರಲ್ಲಿ ಇನ್‌ಫ್ರಾ ಕೊಳ್ಳುವುದು. ತಿಂಗಳುಗಟ್ಟಲೆ ಕಟ್ಟಿದ್ದನ್ನು ಒಂದು ವಾರದ ಯುದ್ಧ ನೆಲಸಮ ಮಾಡುತ್ತದೆ. ನೇಷನ್‌ಸ್ಟೇಟ್ಸ್‌ನ ಪೆಸಿಫಿಕ್‌ನವರು ಒಂದು ಗುಂಪಾಗಿ ಇಲ್ಲಿಗೆ ಬಂದರು, ಇವಾನ್ ಮೊಲ್ದಾವಿ ಎಂಬ ಹೆಸರಿನವನ ನೇತೃತ್ವದಲ್ಲಿ. ಅದೇ ಹೆಸರು, ಅದೇ ಸಿದ್ಧಾಂತ, ಅದೇ ಚಕ್ರವರ್ತಿ ಪದವಿ. ಆಟದಲ್ಲಿ ದೇಶಗಳು ಬಣ್ಣಗಳ ತಂಡಕ್ಕೆ ಸೇರಬೇಕು. ಇವರು ಕೆಂಪನ್ನು ಹಿಡಿದು, ಕೆಂಪಿನಲ್ಲಿ ನಮ್ಮ ಒಪ್ಪಿಗೆಯಿಲ್ಲದೆ ಇನ್ನೊಂದು ಕೂಟ ತಲೆ ಎತ್ತುವಂತಿಲ್ಲ ಅಂತ ಡಂಗುರ ಹೊಡೆದರು. ಅದಕ್ಕೆ ಮೊಲ್ದಾವಿ ಸಿದ್ಧಾಂತ ಅಂತಲೇ ಹೆಸರು. ಆಟದ ಕೋಡ್‌ನಲ್ಲಿ ಇಂಥ ಯಾವ ನಿಯಮವೂ ಇಲ್ಲ. ಇವರು ಹೇಳಿದರು, ಉಳಿದವರು ಹೆದರಿದರು, ಅದೇ ಕಾನೂನಾಯಿತು.

ಕರಾಳ ವಿಷಯ ಅಂದರೆ ಇವರು ನಿಜಕ್ಕೂ ಶಿಸ್ತಿನವರು. ಹೊಸಬರಿಗೆ ಪಾಠ ಹೇಳುವ ಅಕಾಡೆಮಿ, ಸಾಲ ಕೊಡುವ ಬ್ಯಾಂಕ್, ದಂಡನಾಯಕರ ಅಡಿ ಪಡೆಗಳು. ಒಬ್ಬ ದೇಶದ ಮೇಲೆ ಒಮ್ಮೆಗೆ ಮೂವರು ದಾಳಿ ಮಾಡಬಹುದು, ದಿನದ ದಾಳಿಗಳ ಲೆಕ್ಕ ಅಮೆರಿಕದ ಮಧ್ಯರಾತ್ರಿಗೆ ಹೊಸದಾಗುತ್ತದೆ. ಹಾಗಾಗಿ ಮಧ್ಯರಾತ್ರಿಗೆ ಹತ್ತು ನಿಮಿಷ ಮೊದಲು ಮೂವರು ಒಟ್ಟಿಗೆ ಹೊಡೆದು, ಹನ್ನೆರಡು ದಾಟಿದ ಕೂಡಲೇ ಮತ್ತೊಮ್ಮೆ ಹೊಡೆದರೆ, ಮಲಗಿದ್ದವನು ಬೆಳಿಗ್ಗೆ ಎದ್ದು ನೋಡುವಾಗ ದೇಶವೇ ಇರುವುದಿಲ್ಲ. ಬೇರೆಬೇರೆ ಖಂಡಗಳಲ್ಲಿ ಕೂತ ನೂರಾರು ಜನರನ್ನು ಒಂದೇ ನಿಮಿಷಕ್ಕೆ ಎಬ್ಬಿಸಿ ಕೂರಿಸುವುದು ಎಂಥ ಕೆಲಸ ಅಂತ, ನಾಲ್ಕು ಜನರ ಟೀಮಿಗೆ ರಾತ್ರಿ ರಿಲೀಸ್ ಮಾಡಿಸಿದವರಿಗೆ ಗೊತ್ತು.

2006-07ರಲ್ಲಿ 'ಮಹಾಯುದ್ಧ'ಗಳೆಂದು ಆಟದವರು ಕರೆಯುವ ಸರಣಿ ಯುದ್ಧಗಳು ನಡೆದವು. ಅವುಗಳ ಕೊನೆಗೆ ಎನ್‌ಪಿಓ ಮತ್ತು ಅದರ ಮಿತ್ರರಿಗೆ ಎದುರಿಲ್ಲದಾಯಿತು. ಯಾರು ಯಾರ ಜೊತೆ ಎಂಬ ವಿವರಕ್ಕೆ ಹೋಗುವುದಿಲ್ಲ, ಒಪ್ಪಂದಗಳ ಆ ಬಲೆಯನ್ನು ಬಿಡಿಸುವುದು ನನ್ನ ಕೈಯಲ್ಲಾಗದ ಮಾತು. ಆಮೇಲಿನ ಎರಡು ವರ್ಷದ ಶಾಂತಿ ಎಂಥದ್ದು ಎಂಬುದು ಮುಖ್ಯ. ಸೋತ ಕೂಟಗಳಿಗೆ ದಂಡ, ಕೆಲವಕ್ಕೆ ಮೇಲೊಬ್ಬ 'ವೈಸರಾಯ್'. ಹೌದು, ಅದೇ ಪದ! ಎಫ್ಏಎನ್ ಎಂಬ ಕೂಟದ ಮೇಲಂತೂ ಸುಮಾರು ಎರಡು ವರ್ಷ ಯುದ್ಧ ನಿಲ್ಲಲೇ ಇಲ್ಲ. ವಿಯೆಟ್ನಾಂ ನೆನಪಿಸಿಕೊಂಡು ಅದಕ್ಕೆ 'ವಿಯೆಟ್‌ಫ್ಯಾನ್' ಅಂತ ಹೆಸರಿಟ್ಟರು.

ಮತ್ತೆ ಈಝಡ್ಐ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಝಡ್ಐ ಎಂದರೆ ಇನ್‌ಫ್ರಾ ಸೊನ್ನೆಗೆ ಇಳಿಯುವವರೆಗೆ ಹೊಡೆಯುವುದು. ಅದು ಯುದ್ಧ, ಆಟದ ಭಾಗ, ತಕರಾರಿಲ್ಲ. ಅದರ ಮುಂದಿನದು, ಆ ದೇಶ ಇರುವವರೆಗೂ ಸೊನ್ನೆಯಲ್ಲೇ ಇಡುವುದು. ಅದರ ಮುಂದಿನದೇ ಈಝಡ್ಐ. ಆತ ಆ ದೇಶ ಅಳಿಸಿ ಹೊಸ ಹೆಸರಲ್ಲಿ ಹೊಸ ದೇಶ ಮಾಡಿಕೊಂಡರೂ ಗುರುತು ಹಿಡಿದು ಹೊಡೆಯುವುದು. ಅಂದರೆ ಶಿಕ್ಷೆ ಈಗ ದೇಶಕ್ಕಲ್ಲ, ಅದನ್ನು ಆಡುತ್ತಿರುವ ಮನುಷ್ಯನಿಗೆ. ಎಲ್ಲೋ ಕೂತ ಹದಿನೇಳು ವರ್ಷದ ಹುಡುಗ ಸಾರ್ವಜನಿಕವಾಗಿ ಏನೋ ಕೊಂಕು ಆಡಿದ ಅಂದುಕೊಳ್ಳಿ, ಅವನು ಇನ್ನು ಮುಂದೆ ಆ ಲೋಕದಲ್ಲೇ ಇರಬಾರದು. ಇದನ್ನು ಮಾಡಿದ್ದು ಎನ್‌ಪಿಓ ಒಂದೇ ಅಲ್ಲ, ಆಗಿನ ದೊಡ್ಡ ಕೂಟಗಳು ಹಲವು. ಇದರ ಮೇಲೆ ನಡೆದ ವಾದಗಳನ್ನು ಓದಿದ್ದೇನೆ. 'ಆಟದೊಳಗಿನ ಪಾತ್ರ ಬೇರೆ, ಹೊರಗಿನ ವ್ಯಕ್ತಿ ಬೇರೆ, ಗೆರೆ ದಾಟಬೇಡಿ' ಎಂಬುದು ಒಂದು ಪಕ್ಷ. 'ಅದೇ ಶತ್ರು ವೇಷ ಬದಲಿಸಿ ಬಂದರೆ ಬಿಡಬೇಕೇ?' ಎಂಬುದು ಇನ್ನೊಂದು. ನಾನು ಮೊದಲನೆಯವರ ಕಡೆ. ಇನ್‌ಫ್ರಾ ಹೋದರೆ ಮತ್ತೆ ಕಟ್ಟಬಹುದು. ಸಂಜೆ ಬಂದು ಕೂರುತ್ತಿದ್ದ ಕಟ್ಟೆಯಿಂದಲೇ ಒಬ್ಬನನ್ನು ಎಬ್ಬಿಸಿ ಕಳಿಸಿದರೆ ಆ ನಷ್ಟ ಕಾಲ್ಪನಿಕ ಅಲ್ಲ.

ಈ ಸಿಟ್ಟೆಲ್ಲಾ ಸೇರಿ 2009ರ ಏಪ್ರಿಲ್‌ನಲ್ಲಿ ಒಡೆಯಿತು. ಎನ್‌ಪಿಓ ಮತ್ತು ಅದರ ಮಿತ್ರ ಟೋರ್ನ್, ಓರ್ಡೋ ವೆರ್ಡೆ ಎಂಬ ಕೂಟದ ಮೇಲೆ ಬೇಹುಗಾರಿಕೆಯ ಆಪಾದನೆ ಹೊರಿಸಿ, ಮಾತುಕತೆ ಇನ್ನೂ ನಡೆಯುತ್ತಿರುವಾಗಲೇ ಯುದ್ಧ ಸಾರಿದವು. ಮೊದಲಾಗಿದ್ದರೆ ಉಳಿದವರು ತಲೆ ತಗ್ಗಿಸಿಕೊಂಡು ಇರುತ್ತಿದ್ದರೋ ಏನೋ. ಈ ಸಲ ಒಂದಾದ ಮೇಲೊಂದು ಕೂಟಗಳು ಎದುರು ಬಂದವು, ಹಳೆಯ ಮಿತ್ರರು ಸದ್ದಿಲ್ಲದೆ ಜಾರಿಕೊಂಡರು. ಆ ಒಕ್ಕೂಟ ತನಗೆ ಇಟ್ಟುಕೊಂಡ ಹೆಸರು 'ಕರ್ಮ'. ನಮ್ಮ ಶಬ್ದ ಎಲ್ಲಿಗೆ ಹೋಗಿ ಕೂತಿದೆ ನೋಡಿ! ನಾವು 'ನನ್ನ ಕರ್ಮ' ಅಂತ ಹಣೆ ಚಚ್ಚಿಕೊಳ್ಳುವ ಅರ್ಥದಲ್ಲಲ್ಲ, ಮಾಡಿದ್ದುಣ್ಣೋ ಮಹರಾಯ ಎಂಬ ಅರ್ಥದಲ್ಲಿ. ಜುಲೈ ಹೊತ್ತಿಗೆ ಎನ್‌ಪಿಓ ಶರಣಾಯಿತು. ಭಾರೀ ಪರಿಹಾರದ ಷರತ್ತು ಬಿತ್ತು. ಹಿಂದೆ ಬೇರೆಯವರಿಗೆ ಬರೆದುಕೊಟ್ಟಿದ್ದ ಷರತ್ತುಗಳನ್ನು ಈಗ ತಾನೇ ಓದಿ ಸಹಿ ಹಾಕಬೇಕಾಯಿತು. ತಮಾಷೆ ಅಂದರೆ ಕೂಟ ಮುರಿದುಬೀಳಲಿಲ್ಲ. ಅದೇ ಶಿಸ್ತಿನಲ್ಲಿ ಕಂತು ಕಂತಾಗಿ ಸಾಲ ತೀರಿಸಿತು.

ಕರ್ಮದವರು ಗೆದ್ದ ಮೇಲೆ ಸ್ವರ್ಗ ಇಳಿದು ಬಂತೇ? ಗೆದ್ದವರಲ್ಲೇ ಒಡಕು, ಹೊಸ ಬಣಗಳು, ಹೊಸ ಯುದ್ಧಗಳು. ಒಂದು ಮಾತ್ರ, ಒಂದೇ ಕೂಟ ಹಾಗೆ ಇಡೀ ಲೋಕವನ್ನು ಆಳುವ ಪರಿಸ್ಥಿತಿ ಮತ್ತೆ ಬರಲಿಲ್ಲ. ಆಡುವವರ ಸಂಖ್ಯೆಯೂ ಮುಂದೆ ಇಳಿಯುತ್ತಾ ಹೋಯಿತು. ಸಾಮಾನ್ಯ ಶತ್ರು ಇಲ್ಲದ ಮೇಲೆ ಕಥೆಗೆ ಉಪ್ಪು ಖಾರ ಕಮ್ಮಿಯಾಯಿತು ಅನ್ನುವವರೂ ಇದ್ದಾರೆ.

ಇದನ್ನೆಲ್ಲಾ ನಾನು ಕಣ್ಣಾರೆ ಕಂಡವನಲ್ಲ, ಆಗ ಇನ್ನೂ ಶಾಲೆಯಲ್ಲಿದ್ದೆ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಹಾಸ್ಟೆಲ್ ವೈಫೈ ಕೃಪೆಯಿಂದ ಆಟಕ್ಕೆ ಬಂದವನು, ಆಡಿದ್ದಕ್ಕಿಂತ ಹಳೆಯ ಕಡತ ಓದಿದ್ದೇ ಹೆಚ್ಚು. ಓದುತ್ತಾ ಹೋದಂತೆ ಒಂದು ವಿಷಯ ಕಾಡತೊಡಗಿತು. ಈ ರಾಜ್ಯಗಳ ನಿಜವಾದ ರಾಜಧಾನಿ ಆಟದ ಸೈಟಿನಲ್ಲಿ ಇರಲೇ ಇಲ್ಲ. ಸಂವಿಧಾನ, ಸಂಸತ್ತು, ಕೋರ್ಟು, ಗುಪ್ತಸಭೆ ಎಲ್ಲಾ ನಡೆಯುತ್ತಿದ್ದದ್ದು ಪುಕ್ಕಟೆ ಸಿಗುವ ಚರ್ಚಾತಾಣಗಳಲ್ಲಿ, ಆ ಕಾಲಕ್ಕೆ ಹೆಚ್ಚಾಗಿ ಇನ್‌ವಿಷನ್‌ಫ್ರೀಯಲ್ಲಿ. ಅಂದರೆ ಚಕ್ರವರ್ತಿ ಯಾರೇ ಇರಲಿ, ತಾಣದ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರವಿದೆಯೋ ಅವನೇ ನಿಜವಾದ ದೊರೆ. ಸಿಟ್ಟು ಬಂದರೆ ಒಂದು ಕ್ಲಿಕ್ಕಿಗೆ ಐದು ವರ್ಷದ ದಾಖಲೆ ಸುಡಬಹುದು. ಸುಟ್ಟವರಿದ್ದಾರೆ ಕೂಡ. ಅಲ್ಲಿನ ಜನ ಪ್ರಾಂತ್ಯ ಕಬಳಿಸಿದವರನ್ನು, ಬೇಹುಗಾರರನ್ನು, ದ್ರೋಹಿಗಳನ್ನು ಕಾಲಾಂತರದಲ್ಲಿ ಕ್ಷಮಿಸಿದ್ದುಂಟು, ಕೆಲವರನ್ನು ಮೆಚ್ಚಿದ್ದೂ ಉಂಟು. ತಾಣ ಅಳಿಸಿದವರನ್ನು ಮಾತ್ರ ಎಲ್ಲಾ ಬಣದವರೂ ಹೊರಗಿಡುತ್ತಾರೆ. ಬರೆದಿಟ್ಟ ಯಾವ ಕಾನೂನಿಗಿಂತಲೂ ಈ ಬರೆಯದ ಕಾನೂನು ನನಗೆ ಹೆಚ್ಚು ಹಿಡಿಸಿತು. ಏಕೆಂದರೆ ಗದ್ದುಗೆ ಹೋದರೆ ಆಟ ಮುಂದುವರಿಯುತ್ತದೆ, ಕಡತ ಹೋದರೆ ಅವರು ಅಲ್ಲಿ ಇದ್ದರು ಎಂಬುದಕ್ಕೇ ಸಾಕ್ಷಿ ಇಲ್ಲ. ದ್ವೇಷವಿಲ್ಲದೆಯೂ ಹೀಗಾಗುತ್ತದೆ. ಪುಕ್ಕಟೆ ತಾಣಗಳ ಕಂಪನಿಗಳು ಕೈ ಬದಲಾದವು, ಇನ್‌ವಿಷನ್‌ಫ್ರೀ ಹೋಗಿ ಟ್ಯಾಪಾಟಾಕ್ ಬಂತು, ಹಳೆಯ ಕೊಂಡಿ ಒತ್ತಿದರೆ ಎಷ್ಟೋ ಕಡೆ ಈಗ ಏನೂ ತೆರೆಯುವುದಿಲ್ಲ. ಪುಕ್ಕಟೆ ಜಾಗದಲ್ಲಿ ಬ್ಲಾಗು ಬರೆದು ಒಂದು ಬ್ಯಾಕಪ್ಪೂ ಇಟ್ಟುಕೊಳ್ಳದ ಮಿತ್ರರು ಇದನ್ನು ಓದುತ್ತಿದ್ದರೆ... ನಾನೇನೂ ಹೇಳುವುದಿಲ್ಲ ಬಿಡಿ.

ಇನ್ನೊಂದು ಸಣ್ಣ ವಿಷಯ. ನೇಷನ್‌ಸ್ಟೇಟ್ಸ್‌ನಲ್ಲಿ 28 ದಿನ ಲಾಗಿನ್ ಆಗದಿದ್ದರೆ ನಿಮ್ಮ ದೇಶ ಸಾಯುತ್ತದೆ. ರಜೆ ಅಂತ ಮೊದಲೇ ಹೇಳಿದ್ದರೆ 60 ದಿನ. ಸತ್ತ ದೇಶಕ್ಕೆ ಮತ್ತೆ ಲಾಗಿನ್ ಆದರೆ ಜೀವ ಬರುತ್ತದೆ, ಆದರೆ ಇದ್ದ ಜಾಗದಲ್ಲಲ್ಲ. ಹಾಗೆ ಮರುಹುಟ್ಟು ಪಡೆದವರಿಗೆಂದೇ ಲಾಜರಸ್ ಅಂತ ಒಂದು ಪ್ರಾಂತ್ಯ, 2011ರಲ್ಲಿ ಅದಕ್ಕೆ ಜೊತೆಯಾದವು ಓಸಿರಿಸ್ ಮತ್ತು ಬಾಲ್ಡರ್. ಬೈಬಲ್, ಈಜಿಪ್ಟ್, ಉತ್ತರ ಯೂರೋಪಿನ ಪುರಾಣ, ಮೂರರಿಂದಲೂ ಸತ್ತು ಬದುಕುವವರ ಹೆಸರುಗಳು. ಇದನ್ನು ಪರೀಕ್ಷಿಸಿ ನೋಡಲೆಂದೇ ನನ್ನ ಎಮ್ಮೆ ದೇಶವನ್ನು ಒಮ್ಮೆ ಬೇಕಂತಲೇ ಸಾಯಲು ಬಿಟ್ಟೆ. ಎರಡು ತಿಂಗಳ ಮೇಲೆ ಬಂದು ನೋಡಿದರೆ ಓಸಿರಿಸ್‌ನಲ್ಲಿ ಎದ್ದು ಕೂತಿತ್ತು. ಎಮ್ಮೆಯೂ ಕ್ಷೇಮ, ದುಗ್ಗಾಣಿಯೂ ಕ್ಷೇಮ. ಕೊಟ್ಟ ಬೆಂಬಲಗಳು, ಪಡೆದ ಬೆಂಬಲಗಳು ಮಾತ್ರ ಒಂದೂ ಇಲ್ಲ.

2023ರ ಆಗಸ್ಟ್‌ಗೆ ಪೆಸಿಫಿಕ್‌ನ ಆ 'ಕ್ರಾಂತಿ'ಗೆ ಇಪ್ಪತ್ತು ತುಂಬಿತು. ಅದೇ ವರ್ಷ ಆಟದ ಕೋಡ್ ಮತ್ತೊಮ್ಮೆ ಬದಲಾಯಿತು. 'ಫ್ರಾಂಟಿಯರ್' ಅಂತ ಹೊಸ ಬಗೆಯ ಪ್ರಾಂತ್ಯ ಬಂದು, ಆಟಗಾರರು ಕಟ್ಟಿದ ಊರುಗಳಲ್ಲೂ ಹೊಸ ದೇಶಗಳು ನೇರವಾಗಿ ಹುಟ್ಟುವಂತಾಯಿತು. ಹುಟ್ಟು ನಮ್ಮಲ್ಲಿ, ಊಟ ಅವರಿಗೆ ಎಂಬ ವಾದದ ಮೇಲೆ ನಿಂತಿದ್ದ ಇಪ್ಪತ್ತು ವರ್ಷದ ಸಿದ್ಧಾಂತಕ್ಕೆ ಈಗ ಕಾಲಡಿಯ ಒಂದು ಕಲ್ಲು ಸರಿದಿದೆ. ಇದಕ್ಕೆ ಪೆಸಿಫಿಕ್‌ನ ಪಂಡಿತರು ಹೊಸ ಭಾಷ್ಯ ಬರೆದರೆ ಓದಲು ನಾನಂತೂ ಕಾದು ಕೂತಿದ್ದೇನೆ. ನಿಮ್ಮಲ್ಲಿ ಯಾರಾದರೂ ಆ ಕಾಲದಲ್ಲಿ ಈ ಆಟಗಳನ್ನು ಆಡಿದವರಿದ್ದರೆ, ಅದರಲ್ಲೂ ಕರ್ಮದ ಎರಡು ಕಡೆಯಲ್ಲಿ ಯಾವ ಕಡೆ ಇದ್ದಿರಿ ಅಂತ, ದಯವಿಟ್ಟು ಎರಡು ಸಾಲು ಬರೆದು ತಿಳಿಸಿ.